ಕಲ್ಲು ತಿಂದು ಕರಗಿಸಲಾರದ ಕೋಶ



‘ಕಲ್ಲು ತಿಂದು ಕರಗಿಸುವ ವಯಸ್ಸು’ ಎಂದು ನಿಮ್ಮನ್ನು ಕುರಿತು ಮನೆಯ ಹಿರಿಯರು ಹೇಳುವುದುಂಟು. ಮೂರನೆಯ ರೊಟ್ಟಿ ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದಾಗ ಅಜ್ಜಿಯ ಬಾಯಿಂದ ಬರುವ ಮಾತು ಅದು. ಹೊಟ್ಟೆಯ ಮಟ್ಟಿಗೆ ಅದನ್ನು ಒಪ್ಪೋಣ. ಆದರೆ ನಮ್ಮ ದೇಹದಲ್ಲಿ ನಿಜವಾಗಿಯೂ ಕಲ್ಲನ್ನು ತಿನ್ನುವ ಜೀವಕೋಶವೊಂದಿದೆ. ಅದು ಇರುವುದು ಹೊಟ್ಟೆಯಲ್ಲಲ್ಲ, ಶ್ವಾಸಕೋಶದಲ್ಲಿ. ಅದು ಕಲ್ಲನ್ನು ನುಂಗುತ್ತದೆ, ಆದರೆ ಕರಗಿಸಲಾರದು. ಕರಗಿಸಲಾಗದ್ದನ್ನು ನುಂಗಿದ ಆ ಕೋಶ ಏನು ಮಾಡುತ್ತದೆ, ಅದರಿಂದ ಮನುಷ್ಯನ ಉಸಿರಿಗೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಈ ಕಾರ್ಯಕ್ರಮದ ಹೊರಾಂಗಣ ಚಿತ್ರೀಕರಣಕ್ಕೆ ನಾವು ಆರಿಸಿಕೊಂಡ ಸ್ಥಳ ಗದಗದ ಹತ್ತಿರದ ನಾಗಾವಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇರುವ ಊರು ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಶ್ವಾಸಕೋಶದ ವಿಷಯ ಹೇಳಲು ಗುಡ್ಡದ ಊರಿಗೆ ಏಕೆ ಹೋದಿರಿ ಎಂದು ಕೇಳಬಹುದು. ಕಾರಣ ಆ ಗುಡ್ಡಗಳ ಕಲ್ಲಿನಲ್ಲಿದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಸಾಲನ್ನು ಔಷಧಿ ಸಸ್ಯಗಳಿಗಾಗಿ ಹೊಗಳುವವರು ಬಹಳ. ಅದರ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ. ಅಲ್ಲಿ ಕೆಂಪು-ಕಪ್ಪು ಪಟ್ಟೆಗಳ ಕಬ್ಬಿಣದ ಕಲ್ಲು ಸಿಗುತ್ತದೆ. ಒಂದು ಪಟ್ಟೆ ಕಬ್ಬಿಣದ ಆಕ್ಸೈಡ್, ಅದರ ಪಕ್ಕದ ಪಟ್ಟೆ ಸಿಲಿಕಾ. ಬಂಡೆಗಳ ಬಿರುಕುಗಳಲ್ಲಿ ಬಿಳಿಯ ಬೆಣಚುಕಲ್ಲಿನ ಎಳೆಗಳಿವೆ, ಅದೂ ಸಿಲಿಕಾವೇ. ಆ ಎಳೆಗಳಲ್ಲಿ ಚಿನ್ನವಿದೆಯೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಡಂಬಳದ ಗುಡ್ಡಗಳ ಬಗ್ಗೆ ಬರೆದಿದ್ದ. 20ನೆಯ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿಯ ಸುತ್ತ ಚಿನ್ನಕ್ಕಾಗಿ ಗಣಿಗಳನ್ನೂ ತೋಡಿದರು. ಇಂದು ಈ ಸೀಮೆಯಲ್ಲಿ ಕಲ್ಲು ಒಡೆಯುವುದು ಚಿನ್ನಕ್ಕಲ್ಲ. ರಸ್ತೆಗೆ, ಮನೆಗೆ, ಸೇತುವೆಗೆ ಬೇಕಾದ ಖಡಿಗಾಗಿ. ಮೈಸೂರಿನ ಕಡೆ ಜಲ್ಲಿ ಎನ್ನುವುದನ್ನು ಇಲ್ಲಿ ಖಡಿ ಎನ್ನುತ್ತಾರೆ. ಯಾವುದಕ್ಕೆ ಒಡೆದರೂ ಒಡೆದ ಕಲ್ಲಿನ ದೂಳು ಒಂದೇ.

ಈಗ ಶ್ವಾಸಕೋಶದ ಒಳಕ್ಕೆ ಹೋಗೋಣ. ಮೂಗಿನಿಂದ ಒಳಹೋದ ಗಾಳಿ ಶ್ವಾಸನಾಳದಲ್ಲಿ ಇಳಿಯುತ್ತ, ಕವಲೊಡೆಯುತ್ತ, ಕೊನೆಗೆ ಗಾಳಿಚೀಲಗಳನ್ನು ಸೇರುತ್ತದೆ. ಒಬ್ಬ ವಯಸ್ಕನಲ್ಲಿ ಇಂಥ ಚೀಲಗಳು ಸುಮಾರು 48 ಕೋಟಿ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಒಂದು ಸಾಧಾರಣ ಮನೆಯ ನೆಲದಷ್ಟು ವಿಸ್ತಾರ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಬಹುಭಾಗದಲ್ಲಿ ಒಂದು ಮೈಕ್ರಾನ್ ದಪ್ಪವೂ ಇಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಿಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಗೋಡೆ ಅಷ್ಟು ತೆಳುವಾಗಿರುವುದರಿಂದಲೇ ಆಮ್ಲಜನಕ ಕ್ಷಣಾರ್ಧದಲ್ಲಿ ರಕ್ತಕ್ಕೆ ದಾಟುತ್ತದೆ.

ದಪ್ಪನೆಯ ದೂಳಿಗೆ ಇಲ್ಲಿಗೆ ಪ್ರವೇಶವಿಲ್ಲ. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳು ಹೆಚ್ಚಾಗಿ ಮೂಗಿನಲ್ಲಿ, ಗಂಟಲಲ್ಲಿ, ಶ್ವಾಸನಾಳದ ಲೋಳೆಯಲ್ಲಿ ಸಿಕ್ಕಿಬೀಳುತ್ತವೆ. ನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ. ನಾವು ಕೆಮ್ಮಿ ಉಗುಳುತ್ತೇವೆ, ಇಲ್ಲವೇ ಅರಿವಿಲ್ಲದೆ ನುಂಗುತ್ತೇವೆ. ಆದರೆ ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಈ ಕಾವಲನ್ನೆಲ್ಲ ದಾಟಿ ಗಾಳಿಚೀಲದ ತನಕ ಇಳಿಯಬಲ್ಲವು. ಅಲ್ಲಿ ರೋಮಗಳಿಲ್ಲ, ಲೋಳೆಯ ಹರಿವೂ ಇಲ್ಲ. ಅಲ್ಲಿರುವ ಕಸಗುಡಿಸುವ ಕೋಶದ ಹೆಸರು ಮ್ಯಾಕ್ರೊಫೇಜ್. ಗ್ರೀಕ್ ಮೂಲದಲ್ಲಿ ‘ದೊಡ್ಡ ತಿನ್ನುಗ’ ಎಂದರ್ಥ. ನಾವು ಮಹಾಭಕ್ಷಕ ಎನ್ನೋಣ.

ಇಂಥ ಭಕ್ಷಕ ಕೋಶಗಳ ಮಹತ್ವವನ್ನು ಮೊದಲು ಮನಗಂಡವನು ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ ಅವನು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಸಣ್ಣ ಮುಳ್ಳು ಚುಚ್ಚಿದ. ಮರುದಿನ ನೋಡಿದರೆ ಮುಳ್ಳಿನ ಸುತ್ತ ಅಲೆಮಾರಿ ಕೋಶಗಳು ಮುತ್ತಿಕೊಂಡಿದ್ದವು. ದೇಹ ತನ್ನನ್ನು ಕಾಪಾಡಿಕೊಳ್ಳುವುದು ಹೀಗೆ, ಹೊರಗಿನಿಂದ ಬಂದದ್ದನ್ನು ತಿಂದು ಹಾಕುವ ಮೂಲಕ, ಎಂದು ಅವನು ವಾದಿಸಿದ. 1908ರಲ್ಲಿ ಪಾಲ್ ಎರ್ಲಿಶ್ ಜೊತೆಗೆ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಮುಳ್ಳಿನ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಿ. ಮರಿಯ ಮೈಯಲ್ಲಿ ಕೋಶಗಳು ಮುತ್ತಿದ್ದವೇ ಹೊರತು ಮುಳ್ಳನ್ನು ಅವು ತಿಂದು ಮುಗಿಸಿರಲಿಲ್ಲ.

ಮಹಾಭಕ್ಷಕ ಒಂದು ರೋಗಾಣುವನ್ನು ಕಂಡಾಗ ನಡೆಯುವುದು ಇಷ್ಟು. ಕೋಶ ತನ್ನ ಪೊರೆಯನ್ನೇ ಕೈಯಂತೆ ಚಾಚಿ ಅದನ್ನು ಸುತ್ತಿಕೊಳ್ಳುತ್ತದೆ. ಒಳಗೆ ಸೇರಿದ ರೋಗಾಣು ಒಂದು ಪುಟ್ಟ ಚೀಲದಲ್ಲಿ ಬಂದಿಯಾಗುತ್ತದೆ. ಕೋಶದಲ್ಲಿ ಇನ್ನೊಂದು ಬಗೆಯ ಚೀಲಗಳಿವೆ, ಅವಕ್ಕೆ ಲೈಸೋಸೋಮ್ ಎಂದು ಹೆಸರು. ಅವುಗಳ ತುಂಬ ಆಮ್ಲವೂ ಜೀರ್ಣಕಾರಿ ಕಿಣ್ವಗಳೂ ಇರುತ್ತವೆ. ಎರಡು ಚೀಲಗಳು ಕೂಡಿಕೊಂಡವೆಂದರೆ ರೋಗಾಣು ಪುಡಿಪುಡಿ. 1955ರಲ್ಲಿ ಲೈಸೋಸೋಮನ್ನು ಗುರುತಿಸಿದ ಬೆಲ್ಜಿಯಮ್ಮಿನ ಕ್ರಿಸ್ಟಿಯನ್ ಡಿ ಡೂವ್, ಈ ಚೀಲ ಒಡೆದರೆ ಕೋಶ ತನ್ನನ್ನು ತಾನೇ ಜೀರ್ಣಿಸಿಕೊಳ್ಳಬಹುದು ಎಂಬುದನ್ನೂ ಕಂಡುಕೊಂಡಿದ್ದ. ನಮ್ಮ ಕಥೆ ತಿರುವು ಪಡೆಯುವುದು ಇಲ್ಲಿಯೇ.

ರೋಗಾಣುವಿನ ಬದಲು ಎರಡು ಮೈಕ್ರಾನಿನ ಬೆಣಚಿನ ಚೂರು ಬಂತೆನ್ನಿ. ಮಹಾಭಕ್ಷಕನಿಗೆ ಅದು ಕಲ್ಲೆಂದು ಗೊತ್ತಿಲ್ಲ. ಅದರ ಮೇಲ್ಮೈಯ ಗ್ರಾಹಕಗಳಿಗೆ ಚೂರು ಅಂಟಿಕೊಳ್ಳುತ್ತದೆ, ಕೋಶ ವಾಡಿಕೆಯಂತೆ ನುಂಗುತ್ತದೆ, ಲೈಸೋಸೋಮ್ ವಾಡಿಕೆಯಂತೆ ಬಂದು ಕೂಡಿಕೊಳ್ಳುತ್ತದೆ. ಕಿಣ್ವಗಳು ಪ್ರೋಟೀನನ್ನು ಕತ್ತರಿಸಬಲ್ಲವು, ಕೊಬ್ಬನ್ನು ಕತ್ತರಿಸಬಲ್ಲವು. ಸಿಲಿಕಾನ್ ಮತ್ತು ಆಮ್ಲಜನಕದ ಬಿಗಿಯಾದ ಹೆಣಿಗೆಯ ಮೇಲೆ ಅವುಗಳ ಆಟ ನಡೆಯದು. ಬದಲಿಗೆ ಬೆಣಚಿನ ಮೈಯೇ ಚೀಲದ ಪೊರೆಯನ್ನು ಘಾಸಿಗೊಳಿಸುತ್ತದೆ. ಚೀಲ ಸೋರುತ್ತದೆ. 1966ರಲ್ಲಿ ಆಂಥೋನಿ ಆಲಿಸನ್ ಮತ್ತು ಅವರ ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ಮಹಾಭಕ್ಷಕಗಳಿಗೆ ಸಿಲಿಕಾ ಉಣಿಸಿ ಇದನ್ನು ತೋರಿಸಿಕೊಟ್ಟರು. ಅದೇ ಕೋಶಗಳಿಗೆ ವಜ್ರದ ಪುಡಿ ಕೊಟ್ಟರೆ ಅವು ನುಂಗಿ ಸುಮ್ಮನಿರುತ್ತಿದ್ದವು ಎಂಬುದು ಕುತೂಹಲದ ಸಂಗತಿ. ಹಾಗಾದರೆ ತೊಂದರೆ ಗಡಸುತನದ್ದಲ್ಲ, ಚೂಪಿನದೂ ಅಲ್ಲ. ಸಿಲಿಕಾದ ಮೇಲ್ಮೈ ರಸಾಯನದ್ದು.

ಸೋರಿಕೆ ಶುರುವಾದ ಕೂಡಲೇ ಕೋಶದೊಳಗೆ ಒಂದು ಅಪಾಯದ ಗಂಟೆ ಬಾರಿಸುತ್ತದೆ. ಎನ್.ಎಲ್.ಆರ್.ಪಿ.-3 ಎಂಬ ಪ್ರೋಟೀನಿನ ಸುತ್ತ ಇತರ ಪ್ರೋಟೀನುಗಳು ಸೇರಿ ಇನ್‌ಫ್ಲಮಸೋಮ್ ಎಂಬ ಯಂತ್ರವೊಂದನ್ನು ಕಟ್ಟುತ್ತವೆ. ಅದರಿಂದ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಾಹಕ ಸಿದ್ಧವಾಗಿ ಹೊರಬೀಳುತ್ತದೆ. ‘ಇಲ್ಲಿ ಗಾಯವಾಗಿದೆ, ಬನ್ನಿ’ ಎಂಬುದು ಅದರ ಸಂದೇಶ. ಸಿಲಿಕಾಕ್ಕೂ ಈ ಗಂಟೆಗೂ ಇರುವ ನಂಟನ್ನು 2008ರಲ್ಲಿ ಒಂದಕ್ಕಿಂತ ಹೆಚ್ಚು ಪ್ರಯೋಗಾಲಯಗಳು ಬೇರೆಬೇರೆಯಾಗಿ ಪ್ರಕಟಿಸಿದವು. ಮಹಾಭಕ್ಷಕ ಕ್ರಿಯಾಶೀಲಗೊಳ್ಳುವುದು ಎಂದರೆ ಸ್ಥೂಲವಾಗಿ ಇದೇ: ಸುಮ್ಮನೆ ಗುಡಿಸುತ್ತಿದ್ದ ಕೋಶ ಕೂಗು ಹಾಕಲು ತೊಡಗುವುದು. ನಂತರ ಆ ಕೋಶ ಸಾಯುತ್ತದೆ. ಸತ್ತಾಗ ಬೆಣಚಿನ ಚೂರು ಹೊರಬೀಳುತ್ತದೆ, ಒಂದಿಷ್ಟೂ ಸವೆಯದೆ. ಇನ್ನೊಂದು ಮಹಾಭಕ್ಷಕ ಬಂದು ಅದನ್ನೇ ನುಂಗುತ್ತದೆ. ಅದೂ ಸಾಯುತ್ತದೆ.

ಗಣಿ ಬಿಟ್ಟು ಹತ್ತು ವರ್ಷವಾದ ಮೇಲೂ ಕಾಯಿಲೆ ಬೆಳೆಯುತ್ತ ಹೋಗುವುದೇಕೆ ಎಂದು ಹಲವರು ಕೇಳುತ್ತಾರೆ. ಉತ್ತರ ಈಗ ಹೇಳಿದ ಸರದಿಯಲ್ಲೇ ಇದೆ. ಹೊಸ ದೂಳು ಬೇಕಾಗಿಲ್ಲ. ಹಳೆಯ ದೂಳೇ ಕೋಶದಿಂದ ಕೋಶಕ್ಕೆ ಕೈ ಬದಲಾಯಿಸುತ್ತಿರುತ್ತದೆ.

ಇನ್ನು ಕಲೆಯ ವಿಚಾರ. ಆಟದಲ್ಲಿ ಬಿದ್ದು ಮೊಣಕಾಲು ತರಚಿದಾಗ ಏನಾಗುತ್ತದೆ? ಮಹಾಭಕ್ಷಕಗಳು ಬಂದು ಮೊದಲು ಕೊಳೆಯನ್ನೂ ಸತ್ತ ಕೋಶಗಳನ್ನೂ ತಿನ್ನುತ್ತವೆ. ಆಮೇಲೆ ಅವುಗಳ ಧೋರಣೆಯೇ ಬದಲಾಗುತ್ತದೆ. ಜಗಳ ಬಿಟ್ಟು ದುರಸ್ತಿಗೆ ತೊಡಗುತ್ತವೆ. ಟಿ.ಜಿ.ಎಫ್. ಬೀಟಾ ಮೊದಲಾದ ಸಂದೇಶಗಳನ್ನು ಕಳುಹಿಸಿ ನಾರುಕೋಶಗಳನ್ನು ಎಬ್ಬಿಸುತ್ತವೆ. ಆ ಕೋಶಗಳು ಕೊಲಾಜೆನ್ ಎಂಬ ಗಟ್ಟಿ ನಾರನ್ನು ನೇಯ್ದು ಗಾಯ ಮುಚ್ಚುತ್ತವೆ. ಕೆಲಸ ಮುಗಿದ ಮೇಲೆ ಎಲ್ಲರೂ ತೆರಳುತ್ತಾರೆ. ಮೊಣಕಾಲಿನಲ್ಲಿ ಒಂದು ಕಲೆ ಉಳಿಯುತ್ತದೆ. ಮೊಣಕಾಲಿಗೆ ಕಲೆಯಾದರೆ ನಷ್ಟವೇನೂ ಇಲ್ಲ. ಶ್ವಾಸಕೋಶದಲ್ಲಿ ಎರಡು ತೊಡಕುಗಳಿವೆ. ಒಂದು, ಬೆಣಚು ಅಲ್ಲೇ ಇರುವುದರಿಂದ ‘ಕೆಲಸ ಮುಗಿಯಿತು’ ಎಂಬ ಸೂಚನೆ ಬರುವುದೇ ಇಲ್ಲ. ಮುಳ್ಳು ತೆಗೆಯದೆ ಗಾಯ ಮಾಯದು. ಎರಡು, ಒಂದು ಮೈಕ್ರಾನ್ ಕೂಡ ದಪ್ಪವಿಲ್ಲದ ಗೋಡೆಯ ಮೇಲೆ ನಾರು ಬಳಿದರೆ ಆಮ್ಲಜನಕ ದಾಟುವುದು ಹೇಗೆ?

ಬಲಿತ ಬೆಂಡೆಕಾಯಿ ನಾರಾಗುವುದನ್ನು ನೋಡಿದ್ದೀರಲ್ಲ, ಮುರಿದರೂ ಮುರಿಯದು, ಬೇಯಿಸಿದರೂ ಬೇಯದು. ಶ್ವಾಸಕೋಶ ಹಾಗಾಗುವುದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ನಾರುಗಟ್ಟುವಿಕೆ ಎಂದರೆ ಸರಿಹೋದೀತು. ಬೆಣಚಿನ ದೂಳಿನಿಂದ ಬರುವ ನಾರುಗಟ್ಟುವಿಕೆಯ ಹೆಸರು ಸಿಲಿಕೋಸಿಸ್. ಅದರ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಾರ್ಯಕ್ರಮದಲ್ಲಿ ತೋರಿಸಿದೆವು. ಉಳ್ಳಾಗಡ್ಡಿಯನ್ನು ಅಡ್ಡಕ್ಕೆ ಕೊಯ್ದಂತೆ ಸುತ್ತು ಸುತ್ತಾಗಿ ಕೊಲಾಜೆನ್ ಪದರಗಳು, ಅವುಗಳ ಅಂಚಿನಲ್ಲಿ ದೂಳು ತುಂಬಿಕೊಂಡ ಮಹಾಭಕ್ಷಕಗಳು. ಗದಗ ಸೀಮೆಯವರಿಗೆ ಉಳ್ಳಾಗಡ್ಡಿಯ ಹೋಲಿಕೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಹಾಭಕ್ಷಕಗಳೆಲ್ಲ ಒಂದೇ ಜಾತಿಯವೇ? ನಾನು ಬಿ.ಎಸ್‌ಸಿ. ಓದುವಾಗ ಈ ಪ್ರಶ್ನೆಗೆ ಪಾಠದಲ್ಲಿ ಜಾಗವಿರಲಿಲ್ಲ. ಮುಂದೆ, ಜಗಳಗಂಟ ಮಹಾಭಕ್ಷಕಕ್ಕೆ ಎಂ-1 ಎಂದೂ ದುರಸ್ತಿಯ ಮಹಾಭಕ್ಷಕಕ್ಕೆ ಎಂ-2 ಎಂದೂ ಹೆಸರಿಟ್ಟು, ನಾರುಗಟ್ಟುವಿಕೆ ಎಂ-2ರ ಕಿತಾಪತಿ ಎಂದು ಬರೆಯುವುದು ರೂಢಿಯಾಯಿತು. ನಿಮ್ಮ ಪಠ್ಯದಲ್ಲೂ ಹಾಗೆಯೇ ಇರಬಹುದು. ಪರೀಕ್ಷೆಗೆ ಅಷ್ಟು ಸಾಕು, ಆದರೆ ನಿಜ ಅಷ್ಟು ಸರಳವಲ್ಲ. ಶ್ವಾಸಕೋಶದಲ್ಲಿ ಮೂಲನಿವಾಸಿ ಮಹಾಭಕ್ಷಕಗಳಿವೆ. ಇಲಿಗಳ ಮೇಲೆ ನಡೆದ 2013ರ ಅಧ್ಯಯನದ ಪ್ರಕಾರ ಇವು ಹುಟ್ಟುವ ಮೊದಲಿನ ಪೂರ್ವಜ ಕೋಶಗಳಿಂದ ಬಂದು, ಹುಟ್ಟಿದ ಮೊದಲ ವಾರದಲ್ಲೇ ಗಾಳಿಚೀಲಗಳಲ್ಲಿ ಬಿಡಾರ ಹೂಡಿ, ಅಲ್ಲೇ ಸಂತತಿ ಬೆಳೆಸುತ್ತವೆ. ಗಾಯದ ಕೂಗು ಕೇಳಿದಾಗ ರಕ್ತದಿಂದ ಮೋನೋಸೈಟುಗಳು ಬಂದು ಮಹಾಭಕ್ಷಕಗಳಾಗಿ ಮಾರ್ಪಡುತ್ತವೆ, ಇವು ವಲಸಿಗರು. 2017ರಲ್ಲಿ ಇಲಿಗಳಲ್ಲಿ ಈ ವಲಸಿಗರನ್ನು ಮಾತ್ರ ತೆಗೆದುಹಾಕಿ ನೋಡಿದಾಗ ನಾರುಗಟ್ಟುವಿಕೆ ಕಡಿಮೆಯಾಯಿತು. 2019ರ ಹೊತ್ತಿಗೆ ಮನುಷ್ಯರ ನಾರುಗಟ್ಟಿದ ಶ್ವಾಸಕೋಶದ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಅವುಗಳ ವಂಶವಾಹಿಗಳ ಚಟುವಟಿಕೆ ಓದುವುದು ಸಾಧ್ಯವಾಗಿತ್ತು. ಆಗ ಆಸ್ಟಿಯೊಪಾಂಟಿನ್ ಎಂಬ ಪ್ರೋಟೀನನ್ನು ಹೇರಳವಾಗಿ ತಯಾರಿಸುವ ಮಹಾಭಕ್ಷಕಗಳ ಗುಂಪೊಂದು, ಕಲೆ ಬೆಳೆಯುವ ಜಾಗದಲ್ಲೇ ಎದ್ದು ಕಂಡಿತು. ಈ ಗುಂಪನ್ನು ಎಂ-1ಕ್ಕೂ ಎಂ-2ಕ್ಕೂ ಸರಿಯಾಗಿ ಸೇರಿಸಲಾಗದು. ವಲಸಿಗರನ್ನಷ್ಟೇ ತಡೆದು ಮೂಲನಿವಾಸಿಗಳನ್ನು ಉಳಿಸುವ ಔಷಧ ಸಾಧ್ಯವೇ ಎಂಬ ಹುಡುಕಾಟ ನಡೆದಿದೆ.

ಇಲ್ಲಿ ಒಂದು ಎಚ್ಚರಿಕೆ. ನಾರುಗಟ್ಟುವಿಕೆ ಎಲ್ಲವೂ ಕಲ್ಲಿನ ದೂಳಿನಿಂದಲೇ ಬರುವುದಲ್ಲ. ಭಾರತದ 27 ಆಸ್ಪತ್ರೆಗಳಲ್ಲಿ 1,084 ರೋಗಿಗಳನ್ನು ನೋಂದಾಯಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಶ್ವಾಸಕೋಶ ರೋಗಗಳ ಪೈಕಿ ನೂರಕ್ಕೆ 47ರಷ್ಟು ಅತಿಸೂಕ್ಷ್ಮತೆಯಿಂದ ಬಂದ ಉರಿಯೂತ ಎಂದು ಕಂಡುಬಂತು; ಏರ್ ಕೂಲರುಗಳ ಜೊತೆ ಅದಕ್ಕೆ ನಂಟು ಕಾಣಿಸಿತು. ಕೂಲರಿನ ಹುಲ್ಲಿನ ಪರದೆ ಪಾಚಿಗಟ್ಟಿದ್ದರೆ ಈ ಬೇಸಿಗೆಯಲ್ಲಿ ಬದಲಾಯಿಸಿ. ಕಾರಣವೇ ತಿಳಿಯದೆ ಬರುವ ನಾರುಗಟ್ಟುವಿಕೆಯೂ ಉಂಟು. ಹಾಗೆಯೇ ಗದಗ-ಬೆಟಗೇರಿ ಎಂದರೆ ಹತ್ತಿ ಮತ್ತು ಮಗ್ಗ. ಹತ್ತಿಯ ದೂಳಿನಿಂದ ಬರುವ ಬಿಸಿನೋಸಿಸ್ ಮುಖ್ಯವಾಗಿ ಶ್ವಾಸನಾಳಗಳ ಬಿಗಿತ, ಸಿಲಿಕೋಸಿಸ್ಸಿನ ಗಂಟುಗಳು ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲ.

‘ತುಂಗಭದ್ರೆಯ ಮರಳೂ ಸಿಲಿಕಾವೇ ಅಲ್ಲವೇ? ಮರಳಿನಲ್ಲಿ ಆಡಿದ ಮಕ್ಕಳಿಗೆ ಏನೂ ಆಗುವುದಿಲ್ಲವಲ್ಲ?’ ಎಂದು ಚಿತ್ರೀಕರಣದ ವೇಳೆ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ಮರಳಿನ ಕಣ ನೂರಾರು ಮೈಕ್ರಾನಿನದು, ಗಾಳಿಚೀಲಕ್ಕೆ ಇಳಿಯಲಾರದು. ಇನ್ನೊಂದು ಕಾರಣವೂ ಇದೆ. ಹೊಳೆಯಲ್ಲಿ ಉರುಳಿದ ಮರಳಿನ ಮೈ ಹಳೆಯದು. ಈಗ ತಾನೇ ಒಡೆದ ಬೆಣಚಿನ ಮೈಯಲ್ಲಿ ತುಂಡಾದ ರಾಸಾಯನಿಕ ಬಂಧಗಳಿರುತ್ತವೆ. ಅವು ಕೋಶದ ಪೊರೆಗೆ ಹೆಚ್ಚು ಹಾನಿ ಮಾಡುತ್ತವೆ. ಹಾಗಾಗಿ ಕಲ್ಲು ಒಡೆಯುವ, ಕೊರೆಯುವ, ಅರೆಯುವ ಜಾಗದ ತಾಜಾ ದೂಳೇ ಎಲ್ಲಕ್ಕಿಂತ ಕೆಟ್ಟದ್ದು.

ಅಂದ ಹಾಗೆ, ಗದಗದಿಂದ ಲಕ್ಕುಂಡಿ ದೂರವಿಲ್ಲ. ಬಾದಾಮಿ, ಪಟ್ಟದಕಲ್ಲಿನ ಶಿಲ್ಪಿಗಳು ಕೆತ್ತಿದ್ದು ಮರಳುಗಲ್ಲನ್ನು, ಅಂದರೆ ಬೆಣಚಿನ ಕಣಗಳ ಕಲ್ಲನ್ನು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಾಲಕ್ಕೆ ಮೆತ್ತನೆಯ ಬಳಪದ ಕಲ್ಲು ಬಳಕೆಗೆ ಬಂದಿತ್ತು. ನವುರಾದ ಕೆತ್ತನೆಗೆ ಅದು ಒದಗುತ್ತದೆ ಎಂದು ಕಲೆಯ ಇತಿಹಾಸಕಾರರು ಹೇಳುತ್ತಾರೆ. ಅದರ ದೂಳಿನಲ್ಲಿ ಬೆಣಚು ಕಡಿಮೆಯಾದ್ದರಿಂದ ಶಿಲ್ಪಿಯ ಎದೆಗೂ ಅದು ಮೆತ್ತಗಾಗಿದ್ದೀತು ಎಂದು ನನಗೆ ಅನ್ನಿಸುತ್ತದೆ. ಇದು ಊಹೆ ಮಾತ್ರ, ಶಾಸನಗಳಲ್ಲಿ ಹುಡುಕಬೇಡಿ.

ಊಹೆಯಲ್ಲದ ದಾಖಲೆ ಬೇಕಿದ್ದರೆ ಕೋಲಾರದ ಚಿನ್ನದ ಗಣಿಗಳತ್ತ ನೋಡಬೇಕು. ಅಲ್ಲಿನ ಚಿನ್ನವೂ ಬೆಣಚಿನ ಎಳೆಗಳಲ್ಲೇ ಇತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆ ವಹಿಸಿಕೊಂಡಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಇದೆಲ್ಲವನ್ನೂ ನಾವು ಹೆಮ್ಮೆಯಿಂದ ಓದುತ್ತೇವೆ. 1940ರಿಂದ 1946ರ ನಡುವೆ ಅಲ್ಲಿನ ಸುಮಾರು ಏಳೂವರೆ ಸಾವಿರ ಕಾರ್ಮಿಕರ ಎದೆಯನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು ಎಂಬುದು ಶಾಲೆಯ ಪುಸ್ತಕಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. 1947ರಲ್ಲಿ ಪ್ರಕಟವಾದ ಈ ವರದಿ ಭಾರತದ ಸಿಲಿಕೋಸಿಸ್ ಚರಿತ್ರೆಯ ಮೊದಲ ದೊಡ್ಡ ದಾಖಲೆಗಳಲ್ಲಿ ಒಂದು. ಗಣಿಗಳು 2001ರಲ್ಲಿ ಮುಚ್ಚಿದವು. ಭೂಮಿಯ ಕೆಳಗಿನ ಆ ಗಣಿಗೆ ಒಂದು ಕಂಪನಿಯಿತ್ತು, ಆಸ್ಪತ್ರೆಯಿತ್ತು, ಎಕ್ಸ್-ರೇ ಯಂತ್ರವಿತ್ತು. ಆದ್ದರಿಂದ ಲೆಕ್ಕ ಸಿಕ್ಕಿತು. ಬಯಲಿನಲ್ಲಿ ಹತ್ತಾರು ಮಂದಿ ದುಡಿಯುವ, ಇಂದು ಇಲ್ಲಿ ನಾಳೆ ಅಲ್ಲಿ ಎಂದು ಕೂಲಿಗಾರರು ಬದಲಾಗುವ ಕಲ್ಲುಗಣಿಗಳಲ್ಲಿ ಇಂಥ ಲೆಕ್ಕ ಇಡುವವರು ಯಾರು?

ಗದಗ ಜಿಲ್ಲೆಯ ಒಂದು ಖಡಿ ಮಷಿನ್ನಿನಲ್ಲಿ ನಾವು ಅರ್ಧ ದಿನ ಚಿತ್ರೀಕರಿಸಿದೆವು. ಹೆಸರು ಬೇಡ. ಇಳಿದ ಕೂಡಲೇ ನಮ್ಮ ಕ್ಯಾಮೆರಾದವರು ಮಸೂರವೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಿ ಕಟ್ಟಿದರು; ದೂಳು ಹೊಕ್ಕರೆ ಲಕ್ಷಾಂತರ ರೂಪಾಯಿಯ ಯಂತ್ರ ಕೆಡುತ್ತದೆ. ಪಕ್ಕದಲ್ಲಿ ಕಲ್ಲು ಸುರಿಯುತ್ತಿದ್ದವನು ಬಾಯಿಗೆ ಒಂದು ವಲ್ಲಿ ಸುತ್ತಿಕೊಂಡಿದ್ದ. ‘ನೀರು ಹೊಡೆಯುವುದಿಲ್ಲವೇ?’ ಎಂದು ಕೇಳಿದೆ. ‘ನೀರ ಹೊಡದ್ರ ಜರಡಿ ಕಟ್ಟಿಕೊಂತೈತ್ರಿ ಸರ. ಮಾಲು ಇಳಿಯಂಗಿಲ್ಲ. ಬ್ಯಾಸಗ್ಯಾಗ ನೀರರ ಎಲ್ಲೈತ್ರಿ?’ ಎಂದ. ಗುಡ್ಡ ಹತ್ತುವಾಗ ದಮ್ಮು ಬರುತ್ತದೆಯೇ ಎಂದದ್ದಕ್ಕೆ, ‘ಗುಡ್ಡ ಯಾಕ್ರಿ, ಮಾತಾಡಿದ್ರ ಹತ್ತತೈತಿ’ ಎಂದು ನಕ್ಕ. ಅವನ ವಯಸ್ಸು ಮೂವತ್ತೆಂಟು.

ಆ ವಲ್ಲಿ ಯಾವುದನ್ನು ತಡೆಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ಈಗ ನೀವೇ ಹೇಳಬಲ್ಲಿರಿ. ಎಳೆಗಳ ನಡುವಿನ ಕಂಡಿ ಹತ್ತಾರು ಮೈಕ್ರಾನಿನಷ್ಟು. ಕೆಮ್ಮಿ ಉಗುಳಿ ಹೊರಹಾಕಬಹುದಾದ ದಪ್ಪ ದೂಳನ್ನು ಅದು ಹಿಡಿಯುತ್ತದೆ. ಗಾಳಿಚೀಲಕ್ಕೆ ಇಳಿಯುವ ದೂಳಿಗೆ ದಾರಿ ಬಿಡುತ್ತದೆ. ಎನ್-95 ಮುಖಗವುಸು ಸರಿಯಾಗಿ ಕೂತರೆ ಈ ಸಣ್ಣ ಕಣಗಳನ್ನೂ ನೂರಕ್ಕೆ 95ರಷ್ಟು ತಡೆಯುತ್ತದೆ. ಗಡ್ಡವಿದ್ದರೆ, ಬೆವರಿಗೆ ಜಾರಿದರೆ, ಅಂಚಿನಿಂದ ಗಾಳಿ ನುಗ್ಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎಂಟು ತಾಸು ಅದನ್ನು ಬಿಗಿದುಕೊಂಡು ಕಲ್ಲು ಹೊರುವುದನ್ನು ಕಲ್ಪಿಸಿಕೊಳ್ಳಿ. ಮುಖಗವುಸು ಕೊಟ್ಟು ಕೈತೊಳೆದುಕೊಳ್ಳುವ ಮಾಲೀಕರ ಮಾತನ್ನು ನಾನು ಒಪ್ಪುವುದಿಲ್ಲ. ದೂಳನ್ನು ಹುಟ್ಟಿದಲ್ಲೇ ಹಿಡಿಯಬೇಕು, ಮೂಗಿನ ಹತ್ತಿರ ಬಂದ ಮೇಲಲ್ಲ.

ಇದಕ್ಕೆ ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕ ಸಹಾಯಕ್ಕೆ ಬರುತ್ತದೆ. ಪಿ.ಯು. ತರಗತಿಯಲ್ಲಿ ಸ್ಟೋಕ್ಸ್ ನಿಯಮ ಓದಿದವರು ಮಾಡಿ ನೋಡಿ. ಬೆಣಚಿನ ಸಾಂದ್ರತೆ ನೀರಿನ 2.65 ಪಟ್ಟು. ನಿಶ್ಚಲ ಗಾಳಿಯಲ್ಲಿ 1 ಮೈಕ್ರಾನ್ ವ್ಯಾಸದ ಚೂರು ಸೆಕೆಂಡಿಗೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ ಇಳಿಯುತ್ತದೆ. ಮೂಗಿನ ಎತ್ತರದಿಂದ, ಅಂದರೆ ಒಂದೂವರೆ ಮೀಟರಿನಿಂದ, ನೆಲ ಮುಟ್ಟಲು ನಾಲ್ಕೈದು ತಾಸು ಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಅಲ್ಲಿ ಗಾಳಿ ಜೋರಾಗಿದೆ ಎಂದೇ ಅಲ್ಲವೇ? ಅಂಥ ಕಡೆ ಆ ಚೂರು ನೆಲ ಮುಟ್ಟುವ ಮಾತೇ ಇಲ್ಲ. ಹೊಲ ದಾಟಿ ಊರು ಸೇರುತ್ತದೆ. ಬಿಸಿಲುಕೋಲಿನಲ್ಲಿ ಕುಣಿಯುವುದಾಗಿ ನಿಮ್ಮ ಕಣ್ಣಿಗೆ ಕಾಣುವುದು ಬಹುಪಾಲು ದಪ್ಪ ದೂಳು. ಎಲ್ಲ ತಿಳಿಯಾಯಿತು ಎಂದು ನಮಗೆ ಅನ್ನಿಸಿದ ಗಾಳಿಯಲ್ಲೇ ಸಣ್ಣ ದೂಳು ತೇಲುತ್ತಿರುತ್ತದೆ. ಆದ್ದರಿಂದ ಸಂಜೆ ಅಂಗಳಕ್ಕೆ ಟ್ಯಾಂಕರಿನಿಂದ ನೀರು ಚಿಮುಕಿಸಿದರೆ ಸಾಲದು. ಕೊರೆಯುವ ಉಳಿಯ ತುದಿಯಲ್ಲಿ ನೀರಿರಬೇಕು. ಖಡಿ ಮಷಿನ್ನಿನ ಬಾಯಲ್ಲಿ, ಪಟ್ಟಿಯಿಂದ ಮಾಲು ಬೀಳುವ ಜಾಗದಲ್ಲಿ ಸಣ್ಣ ತುಂತುರು ಇರಬೇಕು. ಜರಡಿಯ ಸುತ್ತ ತಗಡಿನ ಹೊದಿಕೆ ಬೇಕು. ಹದವಾದ ತುಂತುರಿನಲ್ಲಿ ಜರಡಿ ಕಟ್ಟಿಕೊಳ್ಳುವುದು ಕಡಿಮೆ. ಬಕೆಟ್ಟಿನಿಂದ ಎರಚಿದರೆ ಅವನು ಹೇಳಿದಂತೆಯೇ ಆಗುತ್ತದೆ.

ಎಷ್ಟು ದೂಳು ಹೆಚ್ಚಾಯಿತು? ಅಮೆರಿಕದ ಸರ್ಕಾರ 2016ರಲ್ಲಿ ಇಟ್ಟ ಮಿತಿ, ಒಂದು ಘನ ಮೀಟರ್ ಗಾಳಿಯಲ್ಲಿ ಉಸಿರಿನೊಳಗೆ ಇಳಿಯುವ ಸಿಲಿಕಾ 50 ಮೈಕ್ರೊಗ್ರಾಂ. ದುಡಿಯುವ ಮನುಷ್ಯ ಎಂಟು ತಾಸಿನಲ್ಲಿ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಅಂದರೆ ದಿನಕ್ಕೆ ಅರ್ಧ ಮಿಲಿಗ್ರಾಂ. ಪುಡಿಯುಪ್ಪಿನ ಹತ್ತು ಹರಳಿನಷ್ಟೂ ತೂಗದು. ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಮಿಕ್ಕಿ ದೂಳು ಕುಡಿದ ಮೇಲೆ ಸಿಲಿಕೋಸಿಸ್ ಕಾಣಿಸಿಕೊಳ್ಳುತ್ತದೆ. ದೂಳು ಬಹಳವಾದರೆ ಕೆಲವೇ ವರ್ಷ ಸಾಕು.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳಲು ನನಗೆ ಸಿಗುತ್ತಿಲ್ಲ. ನೇಯ್ದ ನಾರನ್ನು ಬಿಚ್ಚುವ ಔಷಧ ಇಲ್ಲ. ಕಾರಣ ತಿಳಿಯದ ನಾರುಗಟ್ಟುವಿಕೆಗೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಪಡೆದ ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಎರಡು ಔಷಧಗಳಿವೆ. ಅವು ಕಾಯಿಲೆಯ ವೇಗ ತಗ್ಗಿಸುತ್ತವೆ, ಹಿಂದಕ್ಕೆ ತಿರುಗಿಸುವುದಿಲ್ಲ. ಶ್ವಾಸಕೋಶವನ್ನು ಲವಣಜಲದಿಂದ ತೊಳೆದು ದೂಳು ತುಂಬಿದ ಮಹಾಭಕ್ಷಕಗಳನ್ನು ಹೊರತೆಗೆಯುವ ಪ್ರಯತ್ನವೂ ನಡೆದಿದೆ. ಆಗಲೇ ಆದ ಕಲೆ ಅದರಿಂದ ಹೋಗದು.

ಕ್ಷಯದ ವಿಷಯ ಮಾತ್ರ ಹೇಳಲೇಬೇಕು. ಕ್ಷಯದ ಬ್ಯಾಕ್ಟೀರಿಯ ಬಚ್ಚಿಟ್ಟುಕೊಳ್ಳುವುದು ಎಲ್ಲಿ ಗೊತ್ತೇ? ಇದೇ ಮಹಾಭಕ್ಷಕದ ಒಳಗೆ. ಆರೋಗ್ಯವಂತ ಮಹಾಭಕ್ಷಕ ಅದನ್ನು ಕೊಲ್ಲುತ್ತದೆ, ಇಲ್ಲವೇ ಕಟ್ಟಿಹಾಕುತ್ತದೆ. ಸಿಲಿಕಾ ನುಂಗಿ ಸೊರಗಿದ್ದಕ್ಕೆ ಆ ಶಕ್ತಿ ಇರುವುದಿಲ್ಲ. ಹೀಗಾಗಿ ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವ ಹಲವು ಪಟ್ಟು. ಇನ್ನೊಂದು ಗೋಜಲು: ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲೇ ನೆರಳಾಗಿ ಕಾಣುತ್ತವೆ. ಕೆಮ್ಮು, ದಮ್ಮು, ತೂಕ ಇಳಿಯುವುದು ಎರಡರಲ್ಲೂ ಇದೆ. ಕ್ಷಯವಿಲ್ಲದ ಕಲ್ಲುಗಣಿ ಕೂಲಿಗೆ ಕ್ಷಯದ ಗುಳಿಗೆಯ ಸುತ್ತು ಒಂದಾದ ಮೇಲೊಂದು ನಡೆಯಬಹುದು. ಎರಡೂ ಇರುವವನಿಗೆ ಒಂದು ಮಾತ್ರ ಗೊತ್ತಾಗಬಹುದು.

ಎಕ್ಸ್-ರೇ ಹೇಳಲಾರದ್ದನ್ನು ಒಂದು ಪ್ರಶ್ನೆ ಹೇಳುತ್ತದೆ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕ ಬರೆದಾಗ, ಕಲ್ಲುಕುಟಿಗರ ಕೆಮ್ಮನ್ನು ವರ್ಣಿಸಿದ್ದ. ವೈದ್ಯನಾದವನು ರೋಗಿಯ ಕಸುಬೇನೆಂದು ಕೇಳಬೇಕು ಎಂದೂ ಹೇಳಿದ್ದ. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯ ಪರಿಶಿಷ್ಟದಲ್ಲಿ ಸಿಲಿಕೋಸಿಸ್ಸಿನ ಹೆಸರಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಪಟ್ಟಿಯಲ್ಲೂ ಇದೆ. ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಬೇಕಾದ ರೋಗ ಇದು. ರಾಜಸ್ಥಾನ 2019ರಲ್ಲಿ ಇದಕ್ಕಾಗಿಯೇ ನೀತಿ ರೂಪಿಸಿ, ರೋಗ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ ನೆರವು ಗೊತ್ತುಮಾಡಿತು. ನೆರವಾಗಲಿ, ಪರಿಹಾರವಾಗಲಿ ಸಿಗಬೇಕಾದರೆ ಮೊದಲು ಕಾಗದದ ಮೇಲೆ ರೋಗದ ಹೆಸರು ಬರಬೇಕು. ರೋಗದ ಹೆಸರು ಬರಬೇಕಾದರೆ ಕಸುಬಿನ ಹೆಸರು ಬರಬೇಕು. ಗದಗದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಕಲ್ಲಿನ ಕೆಲಸ ಮಾಡಿದವರಿದ್ದು, ಎರಡು ವಾರ ಮೀರಿ ಕೆಮ್ಮಿದ್ದರೆ ಅಲ್ಲಿಗೋ ನಿಮ್ಮ ತಾಲ್ಲೂಕು ಆಸ್ಪತ್ರೆಗೋ ಜೊತೆಯಲ್ಲಿ ಹೋಗಿ. ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆದಾದ ಮೇಲೆ, ಅಪ್ಪ ಖಡಿ ಮಷಿನ್ನಿನಲ್ಲಿ ಎಷ್ಟು ವರ್ಷ ದುಡಿದರು, ಕಲ್ಲು ಕೊರೆಯುವಾಗ ನೀರು ಇತ್ತೇ ಇಲ್ಲವೇ ಎಂಬುದನ್ನೂ ಹೇಳಿ ಬರೆಸಿ.